ಹಳೆ ರಿವಾಲ್ವರ್, ಹೊಸ ಕೆತ್ತನೆ

ಮಾನ್ಯ ಸಂಪಾದಕರೇ,

ತಮ್ಮ ಪುರವಣಿಯಲ್ಲಿ ಕೆತ್ತನೆಯುಳ್ಳ ಹಳೆಯ ಅಮೆರಿಕನ್ ರಿವಾಲ್ವರ್‌ಗಳ ಸಂಗ್ರಹದ ಬಗ್ಗೆ ಬಂದ ಲೇಖನದ ಚಿತ್ರಗಳು ಕಣ್ತುಂಬುವಂತಿದ್ದವು. ಅದರ ಎರಡು ಮಾತುಗಳನ್ನು ಮಾತ್ರ ಹಾಗೇ ಬಿಡುವಂತಿಲ್ಲ. ‘ಕೆತ್ತನೆ ಹೆಚ್ಚಿದಷ್ಟೂ ಬೆಲೆ ಹೆಚ್ಚು’ ಎಂಬುದೊಂದು. ‘ಕೊಂಡ ಮೇಲೆ ಲೋಹದ ಪಾಲಿಶ್ ಹಚ್ಚಿ ಉಜ್ಜಿದರೆ ಮೂಲದ ಹೊಳಪು ಮರಳುತ್ತದೆ’ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ದುಡ್ಡು ಕಳೆದುಕೊಳ್ಳುತ್ತಾರೆ, ಎರಡನೆಯದನ್ನು ನಂಬಿದವರು ವಸ್ತುವನ್ನೇ ಕಳೆದುಕೊಳ್ಳುತ್ತಾರೆ. ಪತ್ರ ಉದ್ದವಾಗಿದೆ, ಕತ್ತರಿ ಆಡಿಸಲೇಬೇಕಾದರೆ ಕೊನೆಯ ಕಡೆಯಿಂದ ಆಡಿಸಿ.

ಕೆತ್ತನೆಯ ರಿವಾಲ್ವರ್ ಕೈಗೆ ಬಂದಾಗ ಕೇಳಬೇಕಾದದ್ದು ಕೆತ್ತನೆ ಎಷ್ಟಿದೆ ಎಂದಲ್ಲ, ಯಾವಾಗ ನಡೆದದ್ದು ಎಂದು. ಉತ್ತರ ಮೂರರಲ್ಲಿ ಒಂದು. ಕಾರ್ಖಾನೆಯಲ್ಲೇ, ಗಿರಾಕಿಯ ಬೇಡಿಕೆಯ ಮೇರೆಗೆ ಆದದ್ದು. ಕಾರ್ಖಾನೆಯಿಂದ ಹೊರಬಿದ್ದ ಮೇಲೆ, ಆದರೆ ಅದೇ ಕಾಲದಲ್ಲಿ, ಯಾವುದೋ ದೊಡ್ಡ ವ್ಯಾಪಾರಿ ತನ್ನ ಕೆತ್ತನೆಗಾರನಿಂದ ಮಾಡಿಸಿದ್ದು. ಕೊನೆಯದು, ಸವೆದು ಸಪ್ಪೆಯಾಗಿದ್ದ ಹಳೆಯ ಪಿಸ್ತೂಲಿನ ಮೇಲೆ 20ನೆಯ ಶತಮಾನದಲ್ಲಿ ಯಾರೋ ಉಳಿ ಆಡಿಸಿದ್ದು. ಮೊದಲೆರಡಕ್ಕೆ ಸಂಗ್ರಾಹಕರಲ್ಲಿ ಮಾನವಿದೆ. ಮೂರನೆಯದು ಎಷ್ಟೇ ಚೆಲುವಾಗಿರಲಿ, ಕೆತ್ತನೆಯೇ ಇಲ್ಲದ ಅದೇ ಮಾದರಿಯ ಒಳ್ಳೆಯ ಪಿಸ್ತೂಲಿಗಿಂತ ಕಡಿಮೆ ಬೆಲೆಗೆ ಹೋಗುವುದು ಮಾಮೂಲು. ಮೈತುಂಬ ಬಳ್ಳಿ ಸುತ್ತಿದ ಮಾತ್ರಕ್ಕೆ ಬೆಲೆ ಏರುವುದಿಲ್ಲ.

ಲೇಖನದ ಒಂದು ಚಿತ್ರದಡಿ ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆಯ) ಮೇಲಿನ ಹಡಗುಗಳ ಕಾಳಗವನ್ನು ‘ಕೈಕೆತ್ತನೆ’ ಎಂದಿದ್ದೀರಿ. ಅದು ಕೈಕೆತ್ತನೆಯಲ್ಲ. ಬ್ಯಾಂಕ್ ನೋಟುಗಳ ಅಚ್ಚು ಕೊರೆಯುತ್ತಿದ್ದ ವಾಟರ್‌ಮನ್ ಲಿಲ್ಲಿ ಆರ್ಮ್ಸ್‌ಬಿ ರಿವಾಲ್ವರ್ ತಯಾರಿಸುವ ಕೋಲ್ಟ್ ಕಂಪನಿಗಾಗಿ ಉಕ್ಕಿನ ಅಚ್ಚು ಮಾಡಿಕೊಟ್ಟಿದ್ದ. ಸಿಲಿಂಡರನ್ನು ಅದಕ್ಕೆ ಒತ್ತಿ ಉರುಳಿಸಿದರೆ ಚಿತ್ರ ಮೂಡುತ್ತಿತ್ತು. 1851ರ ನೇವಿ ಮಾದರಿಯಲ್ಲೂ 1860ರ ಆರ್ಮಿ ಮಾದರಿಯಲ್ಲೂ ಕಾಣುವುದು 1843ರ ಮೇ 16ರಂದು ಟೆಕ್ಸಸ್ ಮತ್ತು ಮೆಕ್ಸಿಕೊ ಹಡಗುಗಳ ನಡುವೆ ನಡೆದ ಕಾಳಗ. 1849ರ ಪಾಕೆಟ್ ಮಾದರಿಯಲ್ಲಿ ಕುದುರೆಗಾಡಿಯ ದರೋಡೆ, ವಾಕರ್ ಮತ್ತು ಡ್ರ್ಯಾಗೂನ್‌ಗಳಲ್ಲಿ ಟೆಕ್ಸಸ್ ರೇಂಜರ್‌ಗಳ ಹೋರಾಟ. ಲಕ್ಷಗಟ್ಟಲೆ ಸಾಧಾರಣ ಪಿಸ್ತೂಲುಗಳ ಮೇಲೂ ಇವೇ ಚಿತ್ರಗಳಿವೆ. ಇದನ್ನು ತೋರಿಸಿ ‘ಕೆತ್ತನೆಯ ಪಿಸ್ತೂಲು’ ಎಂದು ಮಾರುವವರು ಇಂದಿಗೂ ಇದ್ದಾರೆ.

ಆದರೆ ಈ ಅಚ್ಚಿನ ಚಿತ್ರ ಇನ್ನೊಂದು ಕೆಲಸಕ್ಕೆ ಬರುತ್ತದೆ. ಇದು ತೀರ ಮೇಲುಮೇಲಿನದು, ಸ್ವಲ್ಪ ಉಜ್ಜಿದರೂ ಹಡಗಿನ ಹಾಯಿ, ಹಗ್ಗಗಳು ಮಾಯವಾಗುತ್ತವೆ. ಸಿಲಿಂಡರಿನ ಹಡಗುಗಳು ಅಳಿಸಿಹೋಗಿ, ಪಕ್ಕದ ಫ್ರೇಮಿನ (ಭಾಗಗಳನ್ನು ಹಿಡಿದಿಡುವ ಚೌಕಟ್ಟಿನ) ಮೇಲಿನ ಬಳ್ಳಿ ಮಾತ್ರ ನಿನ್ನೆ ಕೆತ್ತಿದಷ್ಟು ಚೂಪಾಗಿದ್ದರೆ ಅವೆರಡೂ ಒಟ್ಟಿಗೆ ಮುಪ್ಪಾಗಿಲ್ಲ ಎಂದರ್ಥ. ಕೋಲ್ಟ್‌ನ ಅಸಲಿ ಕೆತ್ತನೆಯ ಪಿಸ್ತೂಲುಗಳಲ್ಲೂ ಸಾಮಾನ್ಯವಾಗಿ ಸಿಲಿಂಡರಿನ ಅಚ್ಚುಚಿತ್ರವನ್ನು ಉಳಿಸಿಕೊಂಡು ಉಳಿದ ಮೈಗೆ ಬಳ್ಳಿ ಹಬ್ಬಿಸುತ್ತಿದ್ದರು. ಹಾಗಾಗಿ ಈ ಹೋಲಿಕೆ ಹೆಚ್ಚಿನ ಕಡೆ ಮಾಡಲು ಬರುತ್ತದೆ.

ಕೆತ್ತನೆಗಾರರ ವಿಷಯಕ್ಕೆ ಬಂದರೆ ಮೂರು ಹೆಸರು ತಿಳಿದಿದ್ದರೆ ಆರಂಭಕ್ಕೆ ಸಾಕು. ಪ್ರಷ್ಯಾದಿಂದ ಬಂದ ಗುಸ್ತಾವ್ ಯಂಗ್ 1850ರ ದಶಕದಿಂದ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್‌ಗೆ ಕೆಲಸ ಮಾಡಿ, 1869ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಸ್ಮಿತ್ ಆ್ಯಂಡ್ ವೆಸನ್‌ಗೆ ಹೋದ. ಬಿಗಿಯಾದ ಸಣ್ಣ ಸುರುಳಿಗಳು, ಅವುಗಳ ಹಿಂದೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಹಿನ್ನೆಲೆ, ಹ್ಯಾಮರಿನ (ಗುಂಡು ಹಾರಿಸಲು ಬಡಿಯುವ ಭಾಗದ) ಮೇಲೆ ತೋಳದ ತಲೆ: ಇವು ಅವನ ಕೈಯ ಗುರುತು. ಅವನ ಕಾಲದ ಅನೇಕ ಪಿಸ್ತೂಲುಗಳಲ್ಲಿ ಬ್ಯಾರೆಲ್ಲಿನ ಮೇಲೆ ಒತ್ತಿದ ವಿಳಾಸದ ಬದಲು ಕಂಪನಿಯ ಸ್ಥಾಪಕ ಸ್ಯಾಮ್ಯುಯೆಲ್ ಕೋಲ್ಟ್‌ನ ಹೆಸರು ಕೈಬರಹದಂತೆ ಕೆತ್ತಿರುತ್ತದೆ. ರಷ್ಯಾದ ಝಾರ್ ಒಂದನೆಯ ನಿಕೊಲಸ್‌ಗೆ 1854ರಲ್ಲಿ ಕೋಲ್ಟ್ ಒಪ್ಪಿಸಿದ ಚಿನ್ನದ ಕುಂದಣದ ರಿವಾಲ್ವರ್‌ಗಳು ಆ ಕಾಲದ ಕೆಲಸದ ತುತ್ತತುದಿ. ಎರಡನೆಯ ಹೆಸರು ನ್ಯೂಯಾರ್ಕಿನ ಲೂಯಿ ಡೇನಿಯಲ್ ನಿಮ್‌ಷ್ಕೆ. ಇವನು ಯಾವ ಒಂದು ಕಾರ್ಖಾನೆಗೂ ಸೇರಿದವನಲ್ಲ; ಷೈಲರ್, ಹಾರ್ಟ್ಲಿ ಆ್ಯಂಡ್ ಗ್ರಹಾಂನಂಥ ವ್ಯಾಪಾರಿಗಳಿಗಾಗಿ ಎಲ್ಲ ಕಂಪನಿಗಳ ಪಿಸ್ತೂಲುಗಳನ್ನೂ ಕೆತ್ತಿದ. ಎಲೆಗಳು ದೊಡ್ಡವು, ಸುರುಳಿ ಸಡಿಲ. ತಾನು ಕೆತ್ತಿದ್ದರ ಮಸಿ ಅಚ್ಚುಗಳನ್ನು ಕಾಗದದ ಮೇಲೆ ತೆಗೆದಿಟ್ಟುಕೊಂಡಿದ್ದ ಪುಣ್ಯಾತ್ಮ ಇವನು, ಹಾಗಾಗಿ ಇಂದಿಗೂ ಸಾಲಿಗೆ ಸಾಲು ಹೋಲಿಸಲು ಬರುತ್ತದೆ. ಮೂರನೆಯವನು ಕುನೊ ಹೆಲ್‌ಫ್ರಿಕ್ಟ್: 1871ರಿಂದ 1921ರವರೆಗೆ ಕೋಲ್ಟ್‌ನ ಮುಖ್ಯ ಕೆತ್ತನೆಗಾರ. 1873ರ ಸಿಂಗಲ್ ಆ್ಯಕ್ಷನ್ ಆರ್ಮಿ ಮಾದರಿಯಲ್ಲಿ ಕಾಣುವ ಕಾರ್ಖಾನೆಯ ಕೆತ್ತನೆ ಬಹುಪಾಲು ಅವನ ಕೈಯದು ಅಥವಾ ಅವನ ಕೈಕೆಳಗಿನವರದು. ಸಹಿ ಇರುವುದು ಅಪರೂಪ. ಸಹಿ ಇದ್ದರಂತೂ ಇನ್ನಷ್ಟು ಅನುಮಾನದಿಂದ ನೋಡಿ.

ಈಗ ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚು ಸಾಕು. ಬೆಳಕನ್ನು ಮೇಲಿನಿಂದ ಬಿಡಬೇಡಿ. ಲೋಹದ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಹಾಯಿಸಿ. ಗೆರೆಯ ಎರಡು ಅಂಚುಗಳೂ ತಳವೂ ಬೇರೆಬೇರೆಯಾಗಿ ಕಾಣುವುದು ಆಗಲೇ.

ಏನು ನೋಡಬೇಕು ಎಂದು ಗೊತ್ತಾಗಬೇಕಾದರೆ ಕೆಲಸ ನಡೆಯುತ್ತಿದ್ದ ಅನುಕ್ರಮ ಗೊತ್ತಿರಬೇಕು. ಭಾಗಗಳನ್ನು ಅರದಿಂದ ಉಜ್ಜಿ ನಯಮಾಡಿದ ಮೇಲೆ, ಬಣ್ಣ ಕಟ್ಟುವ ಮೊದಲು, ಬಿಳಿ ಲೋಹವಾಗಿದ್ದಾಗಲೇ ಕೆತ್ತನೆಗಾರನಿಗೆ ಕೊಡುತ್ತಿದ್ದರು. ಅವನು ಸಣ್ಣ ಸುತ್ತಿಗೆಯಿಂದ ಉಳಿಯನ್ನು ತಟ್ಟುತ್ತ ಕೆತ್ತುತ್ತಿದ್ದ. ಹಾಗಾಗಿ ಗೆರೆಯ ಗೋಡೆಯಲ್ಲಿ, ಅದರಲ್ಲೂ ತಿರುವುಗಳಲ್ಲಿ, ಚಿಕ್ಕ ಚಿಕ್ಕ ಮೆಟ್ಟಿಲುಗಳಂಥ ಗುರುತು ಉಳಿಯುತ್ತದೆ. ಅಂತರ ಒಂದೇ ಸಮ ಇರುವುದಿಲ್ಲ. ತೀರ ಏಕಸಮವಾದ, ಯಂತ್ರದ ಹೊಲಿಗೆಯಂಥ ಗುರುತು ಕಂಡರೆ ಅದು ಗಾಳಿ ಒತ್ತಡದಿಂದ ಓಡುವ ಉಳಿಯ ಕೆಲಸವಿರಬಹುದು. ಅಂಥ ಉಪಕರಣ 20ನೆಯ ಶತಮಾನದ್ದು. ಕೆತ್ತಿ ಮುಗಿದ ಮೇಲೆ ಭಾಗಗಳು ಕಾರ್ಖಾನೆಗೆ ಮರಳುತ್ತಿದ್ದವು. ಫ್ರೇಮನ್ನು ಮೂಳೆ ಮತ್ತು ಇದ್ದಿಲಿನ ಪುಡಿಯಲ್ಲಿ ಹುದುಗಿಸಿ ಕಾಯಿಸಿ ನೀರಿಗೆ ಅದ್ದಿ ಮೇಲ್ಪದರವನ್ನು ಗಡಸು ಮಾಡುತ್ತಿದ್ದರು. ಬ್ಯಾರೆಲ್, ಸಿಲಿಂಡರುಗಳಿಗೆ ನೀಲಿ ಕಟ್ಟುತ್ತಿದ್ದರು. ಹಿತ್ತಾಳೆಯ ಭಾಗಗಳಿಗೆ ಬೆಳ್ಳಿ ಲೇಪ.

ಈ ಅನುಕ್ರಮದಿಂದ ನೇರವಾಗಿ ಹೊರಡುವ ಮಾತು: ಅಸಲಿ ಕೆತ್ತನೆಯಲ್ಲಿ ನೀಲಿ ಬಣ್ಣ ಗೆರೆಯ ತಳದಲ್ಲೂ ಇರುತ್ತದೆ. ಬಳಸಿ ಬಳಸಿ ಮೇಲ್ಮೈ ಬೂದುಬಣ್ಣಕ್ಕೆ ತಿರುಗಿದರೂ ಗೆರೆಯ ಆಳದಲ್ಲಿ ನೀಲಿ ಅಡಗಿ ಕುಳಿತಿರುತ್ತದೆ, ಅಲ್ಲಿಗೆ ಬೆರಳಾಗಲಿ ಚರ್ಮದ ಒರೆಯಾಗಲಿ ತಾಗುವುದಿಲ್ಲವಲ್ಲ. ಇದಕ್ಕೆ ತದ್ವಿರುದ್ಧವಾಗಿ ಮೇಲೆ ಹಳೆಯ ನೀಲಿ ಉಳಿದು ಗೆರೆಯ ತಳ ಬಿಳಿಯಾಗಿದ್ದರೆ, ಬಣ್ಣ ಮೊದಲು ಬಂತು, ಉಳಿ ಆಮೇಲೆ. ಮೋಸಗಾರರು ಇದನ್ನು ಬಲ್ಲರು. ಅದಕ್ಕೇ ಗೆರೆಗಳಿಗೆ ಮಸಿ ತುಂಬುತ್ತಾರೆ. ಮಾರುವವರ ಒಪ್ಪಿಗೆ ಪಡೆದು, ಮೂಲೆಯ ಒಂದು ಗೆರೆಯನ್ನು ಖನಿಜ ಟರ್ಪೆಂಟೈನಿನಲ್ಲಿ ತೇವಮಾಡಿದ ಹತ್ತಿಕಡ್ಡಿಯಿಂದ ಒರೆಸಿ ನೋಡಿ. ಹಳೆಯ ಎಣ್ಣೆಯ ಜಿಡ್ಡು ಕಂದಾಗಿ ಬರುತ್ತದೆ. ಕಡುಕಪ್ಪು ಬಂದು ಗೆರೆ ಬೆಳ್ಳಗಾದರೆ ಪಿಸ್ತೂಲನ್ನು ವಾಪಸು ಕೊಟ್ಟುಬಿಡಿ.

ಎಲ್ಲಕ್ಕಿಂತ ಖಚಿತವಾದದ್ದು ತುಕ್ಕಿನ ಗುಳಿ. ಗುಳಿಯೊಂದು ಕೆತ್ತನೆಯ ಗೆರೆಯನ್ನು ದಾಟುವ ಜಾಗ ಹುಡುಕಿ ಕನ್ನಡಿ ಹಿಡಿಯಿರಿ. ಗುಳಿ ಗೆರೆಯನ್ನು ತಿಂದಿದ್ದರೆ, ಅಂದರೆ ಗೆರೆ ಬಂದು ಗುಳಿಯ ಅಂಚಿನಲ್ಲಿ ಚಿಂದಿಯಾಗಿ ನಿಂತು ಆಚೆ ಕಡೆ ಮತ್ತೆ ಶುರುವಾದರೆ, ಕೆತ್ತನೆ ತುಕ್ಕಿಗಿಂತ ಹಳೆಯದು. ಗೆರೆಯೇ ಗುಳಿಯೊಳಗೆ ಇಳಿದು, ಅಲ್ಲೂ ಚೊಕ್ಕ ಅಂಚಿನಿಂದ ಸಾಗಿ ಮೇಲೆ ಹತ್ತಿದ್ದರೆ, ತುಕ್ಕು ಹಿಡಿದು ಎಷ್ಟೋ ವರ್ಷಗಳ ಮೇಲೆ ಕೆತ್ತಿದ್ದು. ಕಾಗದಪತ್ರ ಏನೇ ಹೇಳಲಿ, ಈ ಸಾಕ್ಷಿ ಸುಳ್ಳಾಡುವುದಿಲ್ಲ. ಗುಳಿಗಳನ್ನು ಉಜ್ಜಿ ತೆಗೆದೇ ಕೆತ್ತುವವರೂ ಇದ್ದಾರೆ ನಿಜ, ಆದರೆ ಉಜ್ಜಿದ್ದು ಬೇರೆ ಕಡೆ ಬಯಲಾಗುತ್ತದೆ: ಸ್ಕ್ರೂ ರಂಧ್ರದ ಬಾಯಿ ತಟ್ಟೆಯಂತೆ ಅಗಲವಾಗಿರುತ್ತದೆ, ಎಂಟು ಮೂಲೆಯ ಬ್ಯಾರೆಲ್ಲಿನ ಏಣು ದುಂಡಗಾಗಿರುತ್ತದೆ, ಒತ್ತಿದ ಅಕ್ಷರಗಳ ಅರ್ಧ ಭಾಗ ತೆಳುವಾಗಿರುತ್ತದೆ.

ಗಡಸು ಮಾಡಿದ ಫ್ರೇಮಿನ ಕಥೆ ಬೇರೆ. ಆ ಪದರಕ್ಕೆ ಉಳಿ ಹಿಡಿಯುವುದಿಲ್ಲ, ಮೊನೆ ಮುರಿಯುತ್ತದೆ. ತಡವಾಗಿ ಕೆತ್ತುವವನು ಫ್ರೇಮನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿ ಮೆತ್ತಗೆ ಮಾಡಲೇಬೇಕು. ಹಾಗೆ ಮಾಡಿದೊಡನೆ ಮೋಡದಂತೆ ಹರಡಿದ್ದ ನೀಲಿ, ಕಂದು, ಬೂದು ಬಣ್ಣಗಳು ಹೊರಟುಹೋಗುತ್ತವೆ. ಮತ್ತೆ ಗಡಸು ಮಾಡಿದರೆ ಹೊಸ ಬಣ್ಣವೇನೋ ಬರುತ್ತದೆ, ಜತೆಗೆ ಫ್ರೇಮ್ ಕೂದಲೆಳೆಯಷ್ಟು ಸೊಟ್ಟಗಾಗುವ ಅಪಾಯವೂ ಇದೆ. ಬ್ಯಾರೆಲ್ ಮತ್ತು ಫ್ರೇಮ್ ಕೂಡುವಲ್ಲಿ ಒಂದು ಬದಿಗೆ ಮಾತ್ರ ಬೆಳಕಿನ ಗೆರೆ ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಸ್ಕ್ರೂಗಳನ್ನು ಯಾರೂ ಗಮನಿಸುವುದಿಲ್ಲ. ಒಳ್ಳೆಯ ಕೆಲಸದಲ್ಲಿ ಫ್ರೇಮಿನ ಮೇಲಿನ ಬಳ್ಳಿ ಸ್ಕ್ರೂ ತಲೆಯ ಮೇಲೂ ಮುಂದುವರಿಯುತ್ತದೆ ಅಥವಾ ತಲೆಗೆ ಅದರದೇ ಹೂವಿನ ಕೆತ್ತನೆ ಇರುತ್ತದೆ. ಬಳ್ಳಿ ಮುಂದುವರಿಯುವಲ್ಲಿ, ಸ್ಕ್ರೂ ಪೂರ್ತಿ ಬಿಗಿದಾಗ ಗೆರೆಗೆ ಗೆರೆ ಕೂಡಬೇಕು. ಕೂಡದಿದ್ದರೆ ಸ್ಕ್ರೂ ಬದಲಾಗಿದೆ, ಇಲ್ಲವೇ ಅದರ ಮರೆ (ಥ್ರೆಡ್) ಸವೆದಿದೆ. ಬಿಚ್ಚಲೇಬೇಕಾದರೆ ಸ್ಕ್ರೂ ತಲೆಯ ಸೀಳಿನ ಪೂರ್ತಿ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ, ಬದಿಗಳು ಸಮಾನಾಂತರವಾದ ಸ್ಕ್ರೂಡ್ರೈವರ್ ಬೇಕು. ಬೆಣೆಯಾಕಾರದ ಮಾಮೂಲಿ ಮೊನೆ ಆ ಸೀಳಿನ ತುಟಿಯನ್ನು ಎಬ್ಬಿಸಿಬಿಡುತ್ತದೆ, ಆ ಗಾಯ ಮಾಯುವುದಿಲ್ಲ.

ಲೇಪದ ಬಗ್ಗೆ. ನಿಕಲ್ ಲೇಪ ವ್ಯಾಪಾರದ ಮಟ್ಟದಲ್ಲಿ ಬಳಕೆಗೆ ಬಂದದ್ದು ಐಸಾಕ್ ಆ್ಯಡಮ್ಸ್‌ಗೆ 1869ರಲ್ಲಿ ಪೇಟೆಂಟ್ ಸಿಕ್ಕ ಆಚೀಚೆ. 1850ರ ದಶಕದ ಪಿಸ್ತೂಲು ನಿಕಲ್ ಹೊದ್ದು ಬಂದರೆ ಆ ಲೇಪ ಆಮೇಲಿನದು. ಆಗಿನದು ಬೆಳ್ಳಿ. ಬೆಳ್ಳಿ ಕಪ್ಪಾಗುತ್ತದೆ, ನಿಕಲ್ ತುಸು ಹಳದಿ ಛಾಯೆಗೆ, ಹಾಲಿನಂಥ ಮಂಜಿಗೆ ತಿರುಗುತ್ತದೆ. ಹಳೆಯ ಕೆತ್ತನೆಯ ಮೇಲೆ ಮರುಲೇಪ ಮಾಡಿದ್ದರೆ ಗೆರೆಗಳ ಅಂಚು ಮೊಂಡಾಗಿರುತ್ತದೆ, ಸಣ್ಣ ನೆರಳುಗೆರೆಗಳು ಮುಚ್ಚಿಹೋಗಿರುತ್ತವೆ. ಅಮೋನಿಯ ಇರುವ ಯಾವ ದ್ರಾವಣವನ್ನೂ ನಿಕಲ್ ಮೇಲೆ ಹಾಕಕೂಡದು. ಎಲ್ಲಿ ಬಿರುಕಿದೆಯೋ ಅಲ್ಲಿಂದ ಒಳಗೆ ಹೊಕ್ಕು, ಕೆಳಗೆ ತಾಮ್ರದ ಪದರವಿದ್ದರೆ ಅದನ್ನು ತಿನ್ನುತ್ತದೆ, ಮೇಲಿನ ನಿಕಲ್ ಹೊಪ್ಪಳೆಯಾಗಿ ಏಳುತ್ತದೆ. ಪೇಟೆಯ ಹಲವು ಪಾಲಿಶ್‌ಗಳಲ್ಲಿ ಅಮೋನಿಯ ಇದೆ. ಲೇಖನದ ಪಾಲಿಶ್ ಸಲಹೆ ಅಪಾಯವೆಂದದ್ದು ಇದಕ್ಕೂ ಸೇರಿ.

ಆನೆದಂತದ ಹಿಡಿಕೆಯಲ್ಲಿ ಹಿಡಿಕೆಯ ತಳವನ್ನು ಮೊದಲು ನೋಡಿ. ದಂತವನ್ನು ಅಡ್ಡಕ್ಕೆ ಕೊಯ್ದ ಮುಖ ಕಾಣುವುದು ಅಲ್ಲಿಯೇ. ಒಂದನ್ನೊಂದು ಹಾಯುವ ತೆಳು ಕಮಾನುಗಳ ಜಾಲ ಅಲ್ಲಿ ಕಂಡರೆ ಅದು ದಂತ. ಹೊರ ಅಂಚಿನ ಕಡೆ ಆ ಗೆರೆಗಳು ಕೂಡುವ ಕೋನ 115 ಡಿಗ್ರಿಗಿಂತ ಹೆಚ್ಚಿದ್ದರೆ ಆನೆಯದು, 90ಕ್ಕಿಂತ ಕಡಿಮೆಯಿದ್ದರೆ ಮ್ಯಾಮತ್‌ನದು. ಮೂಳೆಯಾದರೆ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು. ನೇರಳಾತೀತ ದೀಪದಲ್ಲಿ ದಂತ ನೀಲಿಬಿಳಿಯಾಗಿ ಬೆಳಗುತ್ತದೆ, ಪ್ಲಾಸ್ಟಿಕ್ ಸಾಮಾನ್ಯವಾಗಿ ಮಂಕು. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿಕೊಟ್ಟರೆ ಅವರ ಕೈಗೆ ಪಿಸ್ತೂಲು ಕೊಡಬೇಡಿ. ಇನ್ನು ಹೊಂದಿಕೆ: ಹಳೆಯ ದಂತ ಒಣಗಿ ಕುಗ್ಗುತ್ತದೆ, ಆದ್ದರಿಂದ ಲೋಹಕ್ಕಿಂತ ಕೂದಲೆಳೆಯಷ್ಟು ತಗ್ಗಿ ಅಥವಾ ಅಂಚಿನಲ್ಲಿ ಸಣ್ಣ ಸಂದು ಬಿಟ್ಟು ಕೂತಿರುತ್ತದೆ. ಲೋಹಕ್ಕಿಂತ ಉಬ್ಬಿ ಕೂತಿದ್ದರೆ ಹಿಡಿಕೆ ಆಮೇಲೆ ಬಂದದ್ದು, ಇಲ್ಲವೇ ಲೋಹವನ್ನು ಉಜ್ಜಿ ತಗ್ಗಿಸಿದ್ದಾರೆ. ಚಹಾ ಕಷಾಯದಲ್ಲಿ ನೆನೆಸಿ ಹಳದಿ ಮಾಡಿದ ಹೊಸ ದಂತದಲ್ಲಿ ಬಣ್ಣ ಎಲ್ಲ ಕಡೆ ಒಂದೇ ಸಮ. ನಿಜವಾಗಿ ಮುಪ್ಪಾದದ್ದರಲ್ಲಿ ಅಂಗೈ ತಾಗುವ ಜಾಗ, ಬೆಳಕು ಬಿದ್ದ ಬದಿ, ಒಳಮೈ ಮೂರೂ ಬೇರೆ ಬೇರೆ.

ಹೆಚ್ಚು ಮೋಸ ನಡೆಯುವುದು ಹಿಡಿಕೆಯ ಬೆನ್ನುಪಟ್ಟಿಯ ಮೇಲಿನ ಕಾಣಿಕೆ ಬರಹದಲ್ಲಿ. ಯಾವುದೋ ಸೇನಾಧಿಕಾರಿಯ ಹೆಸರು ಕೆತ್ತಿದರೆ ಬೆಲೆ ಹಲವು ಪಟ್ಟಾಗುತ್ತದಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಅಸಲಿ ಬರಹಗಳನ್ನೂ ಎಷ್ಟೋ ಸಲ ಪಿಸ್ತೂಲು ಮಾರಾಟವಾದ ಮೇಲೆ ಆಭರಣದಂಗಡಿಯವರು ಕೆತ್ತಿಕೊಟ್ಟದ್ದುಂಟು, ಹಾಗಾಗಿ ಬೆಳ್ಳಿ ಲೇಪವನ್ನು ಸೀಳಿ ಕೆಳಗಿನ ಹಿತ್ತಾಳೆ ಕಂಡ ಮಾತ್ರಕ್ಕೆ ನಕಲಿ ಅನ್ನುವಂತಿಲ್ಲ. ಆದರೆ ಆ ಹಿತ್ತಾಳೆ ಕಂದು ಮುಸುಕಿರಬೇಕು, ಹಳದಿಯಾಗಿ ಮಿಂಚಕೂಡದು. ಮತ್ತೆ ತಾರೀಖುಗಳನ್ನು ತಾಳೆ ನೋಡಿ. ಸೀರಿಯಲ್ ನಂಬರಿನಿಂದ ತಯಾರಾದ ವರ್ಷ ತಿಳಿಯುತ್ತದೆ; ಬರಹದ ವರ್ಷ ಅದಕ್ಕಿಂತ ಹಿಂದಿನದಾಗಿರಬಾರದು. ಆ ವರ್ಷದಲ್ಲಿ ಆ ಅಧಿಕಾರಿಗೆ ಇದ್ದ ಪದವಿ ಯಾವುದು, ಬರಹದಲ್ಲಿರುವುದು ಯಾವುದು? ಸ್ವತಃ ಕರ್ನಲ್ ಕೋಲ್ಟ್ ಕೊಟ್ಟ ಕಾಣಿಕೆ ಎಂದಿದ್ದರೆ, ಅವನು 1862ರ ಜನವರಿ 10ರಂದು ತೀರಿಕೊಂಡ ಎಂಬುದು ನೆನಪಿರಲಿ.

ದಾಖಲೆ ಕೂಡಿಬಂದರೆ ಬೆಲೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಸೇನಾನಿ, ಮುಂದೆ ಅಧ್ಯಕ್ಷನೂ ಆದ ಯುಲಿಸಿಸ್ ಗ್ರಾಂಟ್‌ಗೆ ಸೇರಿದ್ದ, ನಿಮ್‌ಷ್ಕೆ ಕೆತ್ತಿದ ರೆಮಿಂಗ್ಟನ್ ಕಂಪನಿಯ ರಿವಾಲ್ವರ್ ಜೋಡಿ ಸಾಕ್ಷಿ. 2022ರ ಮೇ ತಿಂಗಳ ಹರಾಜಿನಲ್ಲಿ ಅದು 51.7 ಲಕ್ಷ ಡಾಲರಿಗೆ ಹೋಯಿತು.

ಕಾರ್ಖಾನೆಯ ಪತ್ರವನ್ನು ಹೇಗೆ ಓದಬೇಕು ಎಂಬುದೂ ಗೊತ್ತಿರಬೇಕು. ಕೋಲ್ಟ್‌ನ ದಾಖಲೆ ವಿಭಾಗವೂ ಸ್ಮಿತ್ ಆ್ಯಂಡ್ ವೆಸನ್‌ನ ಇತಿಹಾಸ ಪ್ರತಿಷ್ಠಾನವೂ ಶುಲ್ಕ ಪಡೆದು, ಸೀರಿಯಲ್ ನಂಬರಿನ ಆಧಾರದ ಮೇಲೆ, ಆ ಪಿಸ್ತೂಲು ಯಾವಾಗ, ಯಾರಿಗೆ, ಯಾವ ರೂಪದಲ್ಲಿ ರವಾನೆಯಾಯಿತು ಎಂದು ಬರೆದುಕೊಡುತ್ತವೆ. ‘ನೀಲಿ, ರಬ್ಬರ್ ಹಿಡಿಕೆ’ ಎಂದು ಪತ್ರ ಹೇಳಿ, ಕೈಯಲ್ಲಿರುವುದು ನಿಕಲ್, ದಂತ, ಮೈತುಂಬ ಕೆತ್ತನೆ ಆಗಿದ್ದರೆ ಅದು ಕಾರ್ಖಾನೆಯ ಕೆಲಸವಲ್ಲ. ‘ಕೆತ್ತನೆ’ ಎಂಬ ಮಾತು ಪತ್ರದಲ್ಲಿ ಇಲ್ಲದಿರುವುದು ಮಾತ್ರ ನಕಲಿಗೆ ಪುರಾವೆಯಾಗದು: ನ್ಯೂಯಾರ್ಕಿನ ವ್ಯಾಪಾರಿ ಸಾದಾ ಪಿಸ್ತೂಲು ತರಿಸಿ ತಾನೇ ಕೆತ್ತಿಸಿದ್ದರೆ ಕಾರ್ಖಾನೆಯ ಲೆಕ್ಕಪುಸ್ತಕಕ್ಕೆ ಅದು ಗೊತ್ತಿರುವುದಿಲ್ಲ. ಹಾರ್ಟ್‌ಫರ್ಡ್ ಕಾರ್ಖಾನೆಗೆ 1864ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಿತ್ತು, ಅದಕ್ಕೂ ಹಿಂದಿನ ಕೋಲ್ಟ್‌ಗಳಿಗೆ ದಾಖಲೆ ತೀರ ವಿರಳ. ಆ ಕಾಲದ ವಿಶೇಷ ಪಿಸ್ತೂಲುಗಳಲ್ಲಿ ಕೆಲವಕ್ಕೆ ಸೀರಿಯಲ್ ನಂಬರಿನ ಬಳಿ ಒಂದು ಚುಕ್ಕೆಯೋ ಅಕ್ಷರವೋ ಇರುತ್ತದೆ. ಚುಕ್ಕೆ ಹೊಡೆಯಲು ಒಂದು ಮೊಳೆ ಸಾಕಾದ್ದರಿಂದ ಅದನ್ನೊಂದನ್ನೇ ನಂಬಿ ಕೂರಬೇಡಿ. ಬ್ಯಾರೆಲ್, ಫ್ರೇಮ್, ಟ್ರಿಗರ್ ಗಾರ್ಡ್, ಬೆನ್ನುಪಟ್ಟಿ, ಸಿಲಿಂಡರ್, ಬ್ಯಾರೆಲ್ಲನ್ನು ಹಿಡಿದಿಡುವ ಬೆಣೆ ಎಲ್ಲದರ ನಂಬರೂ ಒಂದೇ ಇದೆಯೇ ಎಂಬುದು ಹೆಚ್ಚು ಮುಖ್ಯ.

ಹರಾಜಿನ ಪಟ್ಟಿಗಳಲ್ಲಿ ‘ಎ’, ‘ಬಿ’, ‘ಸಿ’ ಎಂದು ದರ್ಜೆ ಕೊಡುತ್ತಾರೆ. ಇವು ಹರಹಿನ ಅಳತೆ, ಗುಣದ ಅಳತೆಯಲ್ಲ. ಕೋಲ್ಟ್ ಪದ್ಧತಿಯಲ್ಲಿ ‘ಎ’ ಎಂದರೆ ಕಾಲುಭಾಗ, ‘ಡಿ’ ಎಂದರೆ ಪೂರ್ತಿ ಮೈ. ಸ್ಮಿತ್ ಆ್ಯಂಡ್ ವೆಸನ್‌ನಲ್ಲಿ ತಲೆಕೆಳಗು: ‘ಎ’ ಎಂದರೇ ಪೂರ್ತಿ. ತಮ್ಮ ಲೇಖನದ ಪಟ್ಟಿಯಲ್ಲಿ ಎರಡನ್ನೂ ಒಂದೇ ಅಂಕಣಕ್ಕೆ ಹಾಕಿದ್ದೀರಿ.

ಇಷ್ಟೆಲ್ಲ ನೋಡುವ ಮೊದಲು ಮಾಡಬೇಕಾದದ್ದೊಂದಿದೆ, ಅದು ಲೇಖನದಲ್ಲಿ ಇರಲೇ ಇಲ್ಲ. ಕ್ಯಾಪ್ (ಮದ್ದಿಗೆ ಕಿಡಿ ಹತ್ತಿಸುವ ಸಣ್ಣ ಟೋಪಿ) ಇಟ್ಟು ಹೊಡೆಯುವ ಹಳೆಯ ರಿವಾಲ್ವರ್‌ಗಳು ಮದ್ದು ತುಂಬಿಕೊಂಡೇ ಪೆಟ್ಟಿಗೆ ಸೇರಿರುವುದುಂಟು. ಒಣಗಿರುವ ಕರಿಮದ್ದಿಗೆ ವಯಸ್ಸಾಗುವುದಿಲ್ಲ. ಹಿಂದಿನಿಂದ ನೋಡಿ, ಯಾವುದಾದರೂ ನಿಪ್ಪಲ್ (ಕ್ಯಾಪ್ ಕೂರುವ ಮೊನೆ) ಮೇಲೆ ಕ್ಯಾಪ್ ಕಂಡರೆ ಹ್ಯಾಮರ್ ಮುಟ್ಟದೆ ಬಂದೂಕು ಕುಶಲಕರ್ಮಿಗೆ ಒಪ್ಪಿಸಿ. ಇಲ್ಲದಿದ್ದರೆ ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಬ್ಯಾರೆಲ್ಲಿನೊಳಗೆ ತೆಳುವಾದ ಮರದ ಕಡ್ಡಿ ಇಳಿಸಿ, ಮೂತಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗಿಟ್ಟು ಅಳೆಯಿರಿ. ಕಡ್ಡಿಯ ತುದಿ ಸಿಲಿಂಡರಿನ ಹಿಂಭಾಗದ ಹತ್ತಿರ ಮುಟ್ಟಿದ್ದರೆ ಆ ಗೂಡು (ಮದ್ದುಗುಂಡು ಕೂರುವ ರಂಧ್ರ) ಖಾಲಿ. ಮುಂಭಾಗದಲ್ಲೇ ನಿಂತಿದ್ದರೆ ಗುಂಡಿದೆ. ಒಂದೊಂದು ಗೂಡಿಗೂ ಇದನ್ನೇ ಮಾಡಬೇಕು. ಖಾಲಿ ಎಂದು ಖಚಿತವಾದ ಮೇಲೆ ಕೋಲ್ಟ್‌ನ ಬೆಣೆಯನ್ನು ಬಲದಿಂದ ಎಡಕ್ಕೆ, ನೈಲಾನ್ ಕಡ್ಡಿಯಿಟ್ಟು ತಟ್ಟಿ. ಬ್ಯಾರೆಲ್ ಬರದೆ ಹಟ ಹಿಡಿದರೆ ಎಳೆದಾಡಬೇಡಿ. ಗುಂಡು ಗಿಡಿಯುವ ಸನ್ನೆಕೋಲಿನ ತುದಿ ಎರಡು ಗೂಡುಗಳ ನಡುವಿನ ಗೋಡೆಗೆ ಬರುವಂತೆ ಸಿಲಿಂಡರ್ ತಿರುಗಿಸಿ ಮೆಲ್ಲಗೆ ಒತ್ತಿದರೆ ತಾನೇ ಕಳಚುತ್ತದೆ.

ಇಡುವ ವಿಷಯ ಚಿಕ್ಕದು. ನೈಟ್ರೈಲ್ ಕೈಗವಸು, ಹತ್ತಿಯದರ ಎಳೆ ಗೆರೆಗಳಿಗೆ ಸಿಕ್ಕಿಕೊಳ್ಳುತ್ತದೆ. ಕೆಂಪು ತುಕ್ಕು ಕಂಡಲ್ಲಿ ಒಂದು ತೊಟ್ಟು ತೆಳು ಎಣ್ಣೆ, ಒಂದು ದಿನ ಬಿಟ್ಟು ಚೂಪು ಮಾಡಿದ ಬಿದಿರು ಕಡ್ಡಿಯಿಂದ ಎಬ್ಬಿಸುವುದು. ಉಕ್ಕಿನ ಉಣ್ಣೆ ಬೇಡ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳುಲೇಪ. ಗಾಳಿಯ ತೇವ 40ರಿಂದ 50 ಶೇಕಡಾದೊಳಗೆ, ಏರಿಳಿತವಿಲ್ಲದೆ ಇರಬೇಕು. ಉಕ್ಕಿಗೆ ಇನ್ನೂ ಒಣಗಿದ್ದರೆ ಒಳ್ಳೆಯದು, ಆದರೆ ದಂತ ಸೀಳುತ್ತದೆ. ಚರ್ಮದ ಒರೆಯಲ್ಲಾಗಲಿ ಓಕ್ ಮರದ ಪೆಟ್ಟಿಗೆಯಲ್ಲಾಗಲಿ ವರ್ಷಗಟ್ಟಲೆ ಬಿಡಬಾರದು, ಎರಡೂ ಆಮ್ಲ ಬಿಡುತ್ತವೆ. ಮೂಲ ಪೆಟ್ಟಿಗೆ ಇದ್ದರೆ ಅದನ್ನು ಬೇರೆಯೇ ಇಡಿ. ಅದರ ಮಕಮಲ್ಲಿನಲ್ಲಿ ಪಿಸ್ತೂಲು ಒತ್ತಿದ ಗುರುತು ನಿಮ್ಮ ಪಿಸ್ತೂಲಿನ ಆಕಾರಕ್ಕೇ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಂಡಿದ್ದರೆ ಸರಿ.

ಕಾನೂನಿನ ಬಗ್ಗೆ ಲೇಖನ ‘ಹಳೆಯದಕ್ಕೆ ಪರವಾನಗಿ ಬೇಡ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯಂತೆ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ ವಸ್ತು. ಲೆಕ್ಕಕ್ಕೆ ಬರುವುದು ಫ್ರೇಮ್ ತಯಾರಾದ ವರ್ಷ, ಕೆತ್ತಿದ ವರ್ಷವಲ್ಲ. ಅಲ್ಲಿನ ರಾಜ್ಯಗಳ ಕಾನೂನು ಬೇರೆಬೇರೆ, ಬೇರೆ ದೇಶಗಳದ್ದು ಇನ್ನೂ ಬೇರೆ. ಇದಲ್ಲದೆ ಹಿಡಿಕೆ ಆನೆದಂತದ್ದಾದರೆ ಪಿಸ್ತೂಲಿನದಕ್ಕಿಂತ ಹಿಡಿಕೆಯ ಕಾನೂನೇ ಬಿಗಿ. 2016ರ ಜುಲೈ 6ರಿಂದ ಅಮೆರಿಕದಲ್ಲಿ ಆಫ್ರಿಕದ ಆನೆದಂತದ ಅಂತರರಾಜ್ಯ ಮಾರಾಟ ಬಹುತೇಕ ನಿಷಿದ್ಧ. 100 ವರ್ಷ ದಾಟಿದ್ದಕ್ಕೆ ವಿನಾಯಿತಿಯಿದೆ, ಆದರೆ ವಯಸ್ಸನ್ನು ಸಾಬೀತುಪಡಿಸುವ ಹೊಣೆ ಮಾರುವವನದು. 1973ರ ಡಿಸೆಂಬರ್ 27ರ ನಂತರ ಅಂಥ ದಂತದಿಂದಲೇ ದುರಸ್ತಿ ಮಾಡಿದ್ದರೆ ವಿನಾಯಿತಿ ಹೋಯಿತು. ಕ್ಯಾಲಿಫೋರ್ನಿಯ, ನ್ಯೂಯಾರ್ಕ್‌ಗಳ ನಿಯಮ ಇದಕ್ಕಿಂತಲೂ ಕಟ್ಟುನಿಟ್ಟು. ಹಣ ಕಟ್ಟುವ ಮೊದಲು ಹಿಡಿಕೆಯ ವಯಸ್ಸಿನ ಬಗ್ಗೆ ಮಾರುವವರಿಂದ ಬರಹದಲ್ಲಿ ಪಡೆಯಿರಿ. ಹರಾಜು ಮುಗಿದ ಮೇಲೆ ಆ ಕಾಗದವನ್ನು ಯಾರೂ ಕೊಡುವುದಿಲ್ಲ.

ಇಂತಿ,
ತಮ್ಮ ಪತ್ರಿಕೆಯ ಓದುಗ